ಒಂದು ಮೊಳ ಬೆಳಕು

ತ್ಬಿಲಿಸಿಯ ರೈಲು ನಿಲ್ದಾಣದ ಹತ್ತಿರ
ನೆಲದಡಿಯ ಕಾಲುದಾರಿಯಲ್ಲಿ ನನ್ನ ಅಂಗಡಿ.
ಅಂಗಡಿಯೆಂದರೆ ಕಪಾಟು;
ಬಾಗಿಲು ತೆಗೆದರೆ ಅಂಗಡಿ, ಹಾಕಿದರೆ ಗೋಡೆ.
ಈಚೆಗೆ ಕಾಲುಚೀಲ ಮಾರುವ ನಾನುಲಿ,
ಆಚೆಗೆ ಕೀಲಿಕೈ ಕೊರೆಯುವವನ ಕಿರ್ರೆನ್ನುವ ಯಂತ್ರ,
ನಡುವೆ ನಾನು, ಮ್ಜೆವಿನಾರ್.
ಹೆಸರಿನೊಳಗೆ ಸೂರ್ಯ, ಕೂತಿರುವುದು ನೆಲದೊಳಗೆ,
ಮಾರುವುದು ಬೆರಳುದ್ದದ ಟಾರ್ಚು.

ಬಂದವರೆಲ್ಲ ಕೇಳುವುದು ಒಂದೇ: ಎಷ್ಟು ದೂರ ಹೋಗುತ್ತೆ?
ನಾನೂ ಬಾಯಿಪಾಠ ಒಪ್ಪಿಸುತ್ತೇನೆ:
ಇದು ಇನ್ನೂರು ಮೀಟರು, ಇದು ಸಾವಿರ ಲುಮೆನ್,
ಇದು ಮ್ತ್ಕ್ವರಿ ಹೊಳೆಯಾಚೆಯ ನಾಯಿಗೂ ಕಣ್ಣು ಕುಕ್ಕುತ್ತೆ.
ಆಚೆ ದಡದ ನಾಯಿಗೂ ಇವರಿಗೂ ಏನು ವ್ಯಾಜ್ಯವೋ,
ಕೊಂಡು ಹೋಗುತ್ತಾರೆ.

ಜುಂಬೆರ್ ಬಂದದ್ದು ಮಂಗಳವಾರ, ಮುಚ್ಚುವ ಹೊತ್ತಿಗೆ.
ಎಪ್ಪತ್ತರ ಆಸುಪಾಸು; ಚರ್ಮದ ಚೀಲ, ಒಳಗೆ ಕಬ್ಬಿಣದ ಗಲಗಲ.
ಒಂದನ್ನೆತ್ತಿ, ಗುಂಡಿಯನ್ನೂ ಒತ್ತದೆ,
ಬಾಯಿಗಿಟ್ಟು ಕಚ್ಚಿದ.
‘ಅಯ್ಯಾ, ಅದು ಸೌತೆಕಾಯಿಯಲ್ಲ’ ಎಂದೆ.
ಹಲ್ಲುಗಳ ಸಂದಿಯಿಂದಲೇ ಹೇಳಿದ:
‘ಪಿಯಾನೊ ಶ್ರುತಿ ಮಾಡುವವನು. ಎರಡು ಕೈಗೂ ಕೆಲಸ.
ಬೆಳಕು ಹಿಡಿಯಲು ಉಳಿದದ್ದು ಬಾಯೊಂದೇ.’

ಉಕ್ಕಿನದು ಭಾರ, ದವಡೆ ಸೋಲುತ್ತದೆ.
ದಪ್ಪಗಿನದಕ್ಕೆ ಜೊಲ್ಲು ಸುರಿದು ತಂತಿಗೆ ತುಕ್ಕು.
ತಾಮ್ರದ್ದು ಚಂದ, ಆದರೆ
ದಿನವಿಡೀ ನಾಣ್ಯ ನೆಕ್ಕಿದ ಹಾಗೆ.
ಬಾಲದಲ್ಲಿ ಗುಂಡಿಯಿರುವುದು ಬೇಡವೇ ಬೇಡ,
ನಾಲಿಗೆ ತಾಗಿದರೆ ಕತ್ತಲು.
ಜೇಬಿಗೆ ಸಿಗಿಸಲು ಕ್ಲಿಪ್ಪಿರಲಿ: ಬಗ್ಗಿದಾಗ ಒಳಗೆ ಜಾರಿದರೆ
ಅದನ್ನು ಹುಡುಕಲು ಇನ್ನೊಂದು ಟಾರ್ಚು ಬೇಕು.
‘ದೂರ?’ ಎಂದೆ, ಅಭ್ಯಾಸಬಲ.
‘ಒಂದು ಮೊಳ. ಅದರಾಚೆಗಿನದು ನನ್ನ ಕಸುಬಲ್ಲ.’

ಚೀಲದಿಂದ ಹಳೆಯ ತಂತಿಯೊಂದು ತೆಗೆದ.
ಒಂದು ತುದಿ ನನ್ನ ಬಾಗಿಲ ಕೊಂಡಿಗೆ, ಇನ್ನೊಂದು ಮುಷ್ಟಿಗೆ ಸುತ್ತಿ
‘ಮೀಟಮ್ಮಾ’ ಎಂದ. ಮೀಟಿದೆ.
ಮೊದಲ ಟಾರ್ಚಿನಲ್ಲಿ ತಂತಿ ಆರು ತಂತಿಯಾಗಿ ಒಡೆಯಿತು.
‘ಇದು ಮಿಟುಕುತ್ತದೆ, ನಿನಗೆ ಕಾಣದ ಹಾಗೆ. ಸುಳ್ಳುಗಾರ.’
ಎರಡನೆಯದು ನೀಲಿ; ತುಕ್ಕೆಲ್ಲ ನೆರಳಿನ ವೇಷ ಹಾಕಿ ಪಾರಾಯಿತು.
ಮೂರು, ನಾಲ್ಕು, ಐದು.
ಕೀಲಿಕೈಯವನು ಯಂತ್ರ ನಿಲ್ಲಿಸಿ ನೋಡತೊಡಗಿದ.
ಏಳನೆಯದು ಕಿರುಬೆರಳಿನಷ್ಟು, ಅಲ್ಯೂಮಿನಿಯಂ, ಒಂದೇ ಸೆಲ್ಲು,
ಹಳೆ ಬೆಣ್ಣೆಯ ಬಣ್ಣದ ಬೆಳಕು.
ತಂತಿ ನಡುಗಿತು, ಬರೀ ನಡುಗಿತು. ಒಂದೇ ತಂತಿ.

‘ಮೊದಲು ಬೆಳಕೇ ಬೇಕಿರಲಿಲ್ಲ’ ಎಂದ.
‘ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ ಕತ್ತಲಲ್ಲೇ ಶ್ರುತಿ ಮಾಡಿದ್ದೇನೆ,
ಬರೀ ಕಿವಿಯಿಂದ. ಈಗ ಕಿವಿ
ಮೇಲಿನ ಸ್ವರಗಳನ್ನು ಒಂದೊಂದಾಗಿ ಕೈಬಿಡುತ್ತಿದೆ.
ಕೇಳದ್ದನ್ನು ನೋಡಬೇಕು.’

ಆ ವರ್ಷ ಒಬ್ಬಾಕೆ ಕರೆಸಿದ್ದಳಂತೆ, ಮೂರನೇ ಮಹಡಿ.
ಎಂಬತ್ತೆಂಟು ಮನೆಗೂ ಶ್ರುತಿ ಕೂರಿಸಿ ಮುಗಿಸಿದ ಮೇಲೆ
ಒಂದು ಸಂಜೆಯಿಡೀ ನುಡಿಸಿದಳು, ಕೈಗವಸು ಹಾಕಿಕೊಂಡು.
ಮಾರನೆಯ ದಿನ ಕೊಡಲಿ ತಂದರು. ಮನೆಯಲ್ಲಿ ಹಸುಗೂಸಿತ್ತು.
‘ಸುಡುವ ಮೊದಲು ಶ್ರುತಿ ಮಾಡಿಸಿದರಲ್ಲ’ ಎಂದ,
ದೂರೋ ಮೆಚ್ಚುಗೆಯೋ ತಿಳಿಯಲಿಲ್ಲ.
ಕೂಲಿಗೆ ದುಡ್ಡೆಲ್ಲಿ? ಅದರದೇ ಒಂದು ಕಾಲು ಕೊಟ್ಟರು,
ಒಲೆಗಾಗುತ್ತದೆ ಎಂದು.
ಸುಟ್ಟೆಯಾ ಎಂದು ನಾನು ಕೇಳಲಿಲ್ಲ.
ಚಿಲ್ಲರೆ ಎಣಿಸುತ್ತಿದ್ದೆ.

ಸೈಕಲ್ ಟ್ಯೂಬಿನ ಚೂರೊಂದನ್ನು ಟಾರ್ಚಿನ ಬಾಲಕ್ಕೆ ತೊಡಿಸಿ,
ಇನ್ನೊಮ್ಮೆ ಕಚ್ಚಿ ನೋಡಿ, ತಲೆಯಾಡಿಸಿ,
ಮೆಟ್ಟಿಲು ಹತ್ತಿ ಹೋದ. ತಂತಿ ಕೊಂಡಿಯಲ್ಲೇ ಉಳಿಯಿತು.

ನನ್ನ ಬಾಗಿಲು ಭಾರ, ಬೀಗ ಮೊಂಡು.
ಹನ್ನೊಂದು ವರ್ಷ ಒಂದು ಕೈಲಿ ಬೆಳಕು, ಒಂದು ಕೈಲಿ ಬೀಗ,
ಮೊಣಕಾಲಲ್ಲಿ ಬಾಗಿಲು.
ಆ ರಾತ್ರಿ, ಯಾರೂ ನೋಡುತ್ತಿಲ್ಲವೆಂದು, ಒಂದನ್ನು ಕಚ್ಚಿದೆ.
ತಣ್ಣಗೆ, ತುಸು ಉಪ್ಪು.
ಎರಡು ಕೈಗೂ ಬೀಗ ಒಮ್ಮೆಗೇ ಮಣಿಯಿತು.
‘ಬರ್ತೀನಿ ಮ್ಜೆವಿನಾರ್’ ಎಂದಳು ನಾನುಲಿ, ಹಿಂದಿನಿಂದ.
ಬಾಯ್ತುಂಬ ಬೆಳಕು.
ತಿರುಗಿದೆ. ಅವಳ ಮುಖ ಬೆಳಗಿತು, ಬೈದಳು.